ಹುಟ್ಟು ಕೆಳಗಿಟ್ಟ ಮೇಲೆ ಯಾವ ಬಿಯರ್? ವಿಟ್, ಹೆಫೆವೈಜನ್, ಐಪಿಎ, ಸ್ಟೌಟ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಿಟ್‌ಬಿಯರ್‌ಗೆ, ಅಂದರೆ ಬೆಲ್ಜಿಯಂ ಶೈಲಿಯ ಗೋಧಿ ಬಿಯರ್‌ಗೆ. ಅದೂ ಟಿನ್‌ನಲ್ಲಿ ಬರುವುದಕ್ಕೆ. ಕೊಡಗಿನ ದುಬಾರೆಯ ರಾಫ್ಟಿಂಗ್ ಇರಲಿ, ಹಿನ್ನೀರಿನ ಕಯಾಕಿಂಗ್ ಇರಲಿ, ಬಿಸಿಲಲ್ಲಿ ಎರಡು ತಾಸು ಹುಟ್ಟು ಹಾಕಿ ಬಂದ ಬಾಯಿಗೆ ಕಹಿ ಬೇಡ, ಭಾರವೂ ಬೇಡ. ವಿಟ್‌ನಲ್ಲಿ ಬಾರ್ಲಿಯ ಜೊತೆ ಗೋಧಿ, ಮೇಲೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ. ಆಲ್ಕೋಹಾಲ್ ಹೋಗಾರ್ಡನ್‌ನಲ್ಲಿ ಶೇ 4.9, ಬಿರಾ ವೈಟ್‌ನಲ್ಲಿ ಶೇ 4.7. ಸಿಂಬಾ ವಿಟ್ ಕೂಡ ಇದೇ ಜಾತಿಯದು. ಒಂದು ಕುಡಿದರೆ ಹಸಿವು ಕೆರಳುತ್ತದೆ, ತಲೆ ನೆಟ್ಟಗಿರುತ್ತದೆ.

ಊಟಕ್ಕೂ ಇದೇ ಸರಿ. ಕೊಡವರ ಹಂದಿ ಸಾರು ಪಂದಿಕರಿ, ಅದರ ಮಸಾಲೆಗೆ ಕಪ್ಪಗೆ ಹುರಿಯುವ ಸಾಮಾನಿನಲ್ಲಿ ಕೊತ್ತಂಬರಿ ಬೀಜ ಇದ್ದೇ ಇರುತ್ತದೆ. ವಿಟ್‌ನೊಳಗಿನ ಕೊತ್ತಂಬರಿ ಅದಕ್ಕೆ ಸಲೀಸಾಗಿ ಕೂಡಿಕೊಳ್ಳುತ್ತದೆ. ಕಿತ್ತಳೆಯ ತೆಳು ಹುಳಿ ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿರಸ) ಜೊತೆ ಜಗಳವಾಡುವುದಿಲ್ಲ, ಕೊಬ್ಬಿನ ಜಿಡ್ಡನ್ನು ನೊರೆ ತೊಳೆದುಬಿಡುತ್ತದೆ. ಜೊತೆಗೆ ಅಕ್ಕಿ ತರಿಯ ಉಂಡೆ ಕಡಂಬುಟ್ಟು ಇದ್ದರಂತೂ ಬೇರೆ ಮಾತೇ ಇಲ್ಲ.

ರುಚಿ ಒಂದನ್ನೇ ನೋಡಿದರೆ ಜರ್ಮನ್ನರ ಸೋಸದ ಗೋಧಿ ಬಿಯರ್ ಹೆಫೆವೈಜನ್ ಒಂದು ಕೈ ಮೇಲೆ. ಬಾಳೆಹಣ್ಣು, ಲವಂಗದ ವಾಸನೆ ಬರುತ್ತದೆ. ಎರಡನ್ನೂ ಯಾರೂ ಹಾಕಿರುವುದಿಲ್ಲ, ಯೀಸ್ಟೇ ಹುಟ್ಟಿಸುತ್ತದೆ. ಶೇ 5.3ರ ಎರ್ಡಿಂಗರ್‌ನ ಅರ್ಧ ಲೀಟರ್ ಬಾಟಲ್ ಇದಕ್ಕೆ ಒಳ್ಳೆಯ ಉದಾಹರಣೆ. ಕುಶಾಲನಗರದ ಟಾರು ರಸ್ತೆಯಲ್ಲೇ ಓಡಾಡುವವರು ಇದನ್ನೇ ಒಯ್ಯಲಿ. ತೋಟದ ದಾರಿ ಹಿಡಿಯುವವರಿಗೆ ತೊಂದರೆ ಶುರುವಾಗುವುದೇ ಇಲ್ಲಿ.

ತೊಂದರೆ ಅಂದರೆ ನೊರೆ. ದಕ್ಷಿಣ ಕೊಡಗಿನ ರಾಫ್ಟಿಂಗ್ ನದಿ ಬರಪೊಳೆಯ ಕಡೆ ಕೊನೆಯ ಒಂದಷ್ಟು ದೂರ ಕಲ್ಲುದಾರಿ, ಫೋರ್ ವೀಲ್ ಜೀಪು. ಹಿಂದಿನ ಸೀಟಿನಡಿ ಇಟ್ಟ ಡಬ್ಬಿ ಕುಲುಕಿ ಕುಲುಕಿ, ಮೇಲೆ ಉಳಿದ ಗ್ಯಾಸು ಸಣ್ಣ ಸಣ್ಣ ಗುಳ್ಳೆಗಳಾಗಿ ಬಿಯರ್‌ನೊಳಗೆ ಹರಡುತ್ತದೆ. ಮುಚ್ಚಳ ತೆಗೆದ ಕೂಡಲೇ ಕರಗಿದ್ದ ಗ್ಯಾಸೆಲ್ಲ ಆ ಗುಳ್ಳೆಗಳನ್ನೇ ಹಿಡಿದು ಮೇಲೇರುತ್ತದೆ, ಅರ್ಧ ಬಾಟಲ್ ನೆಲಕ್ಕೆ. ಹೆಫೆವೈಜನ್‌ನಲ್ಲಿ ಗ್ಯಾಸು ಎಲ್ಲೆಡೆ ಸಿಗುವ ಸಾಮಾನ್ಯ ತಿಳಿ ಬಿಯರ್ ಲಾಗರ್‌ಗಿಂತ ಎಷ್ಟೋ ಜಾಸ್ತಿ, ಹಾಗಾಗಿ ಪೆಟ್ಟೂ ಜಾಸ್ತಿ. ಬಿಯರ್ ಬಿಸಿಯಾದಷ್ಟೂ ಗ್ಯಾಸು ಒಳಗೆ ನಿಲ್ಲುವುದಿಲ್ಲ, ಅದು ಇನ್ನೊಂದು ಕಾಟ. ಟಿನ್ನಿನ ತಲೆಗೆ ಬೆರಳಲ್ಲಿ ಟಕಟಕ ತಟ್ಟುವುದರಿಂದ ಏನೂ ಆಗುವುದಿಲ್ಲ. ಬೇಕಾದ್ದು ತಂಪು ಮತ್ತು ಸಮಯ.

ತಂಪು ಮಾಡುವುದಕ್ಕೂ ಕ್ರಮ ಇದೆ. ಥರ್ಮೋಕೋಲ್ ಡಬ್ಬಿಗೆ ಐಸ್ ಒಂದನ್ನೇ ತುಂಬಿದರೆ ಅದು ಟಿನ್ನಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ಐಸ್ ಎಷ್ಟೋ ಅಷ್ಟೇ ನೀರು ಹಾಕಿ, ಎರಡು ಹಿಡಿ ಕಲ್ಲುಪ್ಪು ಕದಡಿ, ಟಿನ್ನುಗಳನ್ನು ಕುತ್ತಿಗೆ ಮುಳುಗುವ ಹಾಗೆ ನೆಟ್ಟಗೆ ನಿಲ್ಲಿಸಿ. ಟಿನ್ ಕಾಲು ಗಂಟೆಯಲ್ಲಿ ತಣ್ಣಗಾಗುತ್ತದೆ, ದಪ್ಪ ಗಾಜಿನ ಬಾಟಲಿಗೆ ಅದರ ದುಪ್ಪಟ್ಟು ಹಿಡಿಯುತ್ತದೆ. ಆಮೇಲೂ ಅರ್ಧ ಗಂಟೆ ಮುಟ್ಟದೆ ಬಿಡಿ. ಮಲಗಿಸಿ ಇಟ್ಟರೆ ಯೀಸ್ಟಿನ ಮಡ್ಡಿ ಪಕ್ಕಕ್ಕೆ ಅಂಟಿ ಕೂರುತ್ತದೆ. ಗ್ಲಾಸನ್ನು ತಣ್ಣೀರಲ್ಲಿ ಅದ್ದಿ, ಓರೆ ಹಿಡಿದು, ನಿಧಾನ ಸುರಿಯಿರಿ. ಕೊನೆಯ ಎರಡು ಬೆರಳಷ್ಟು ಉಳಿದಾಗ ಒಮ್ಮೆ ತಿರುಗಿಸಿ ಮಡ್ಡಿಯನ್ನೂ ಸುರಿದುಕೊಳ್ಳಿ, ಗೋಧಿ ಬಿಯರ್‌ನ ಸತ್ವ ಇರುವುದೇ ಅದರಲ್ಲಿ. ಮೀನಿನ ಅಂಗಡಿಯ ಐಸ್ ಸಿಕ್ಕರೆ ಹೊರಗಿನ ತಂಪಿಗೆ ಧಾರಾಳ ಬಳಸಿ, ಆದರೆ ಟಿನ್ನಿನ ಬಾಯಿ ತೊಳೆಯದೆ ಕಚ್ಚಬೇಡಿ.

ಇದನ್ನೆಲ್ಲ ಹೆಫೆವೈಜನ್‌ಗೂ ಮಾಡಬಹುದು. ಆದರೆ ಗಾಜು ನದಿ ದಂಡೆಯಲ್ಲಿ ಬೇಡವೇ ಬೇಡ; ಒಡೆದರೆ ಬರಿಗಾಲಿನವರಿಗೂ ರಬ್ಬರ್ ರಾಫ್ಟಿಗೂ ಒಟ್ಟಿಗೆ ಗ್ರಹಚಾರ.

ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್ ಎಂಬ ಕಹಿ ಬಿಯರ್, ಈ ಕೆಲಸಕ್ಕಲ್ಲ. ಹಾಪ್ಸ್ ಹೂವಿನ ಕಹಿ ಖಾರವನ್ನು ಇನ್ನಷ್ಟು ಚುರುಕು ಮಾಡುತ್ತದೆ, ಕೊಡಗಿನ ಕರಿಮೆಣಸಿನ ಮೇಲೆ ಬಿದ್ದರೆ ನಾಲಿಗೆ ಉರಿಯುವುದೊಂದೇ ಲಾಭ. ಬರಿ ಕಡಲೆಕಾಯಿ ಜೊತೆಗಾದರೆ ಸೈ. ಶೇ 8ರವರೆಗಿನ ಸ್ಟ್ರಾಂಗ್ ಬಿಯರ್ ದಣಿದ ಮೈಗೆ ನಿದ್ದೆ ತರುತ್ತದೆ, ಅಷ್ಟೇ.

ಹುರಿದ ಬಾರ್ಲಿಯ ಕಪ್ಪು ಬಿಯರ್ ಸ್ಟೌಟ್ ಮಾತ್ರ ವಿಟ್‌ಗೆ ನಿಜವಾದ ಎದುರಾಳಿ, ಅದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬರಪೊಳೆಯಲ್ಲಿ ರಾಫ್ಟಿಂಗ್‌ಗೆ ಬೇಕಾದ ನೊರೆಯೇಳುವ ರಭಸದ ನೀರು ಇರುವುದೇ ಆ ತಿಂಗಳುಗಳಲ್ಲಿ. ಸ್ಟೌಟ್‌ಗೆ 8ರಿಂದ 12 ಡಿಗ್ರಿ ಸಾಕು, ಐಸ್ ಗಲಾಟೆ ಕಡಿಮೆ. ಅದರ ಕಾಫಿ ಘಮ ಹುರಿದ ಪಂದಿ ಮಸಾಲೆಗೆ ಸರಿಜೋಡಿ. ಗಿನ್ನೆಸ್ ಡ್ರಾಟ್ ಕಡುಕಪ್ಪಾದರೂ ಶೇ 4.2 ಮಾತ್ರ, ಬಣ್ಣ ನೋಡಿ ಹೆದರುವವರು ಸುಮ್ಮನೆ ಹೆದರುತ್ತಾರೆ. ಒಂದು ಎಚ್ಚರಿಕೆ: ಮಳೆಯಲ್ಲಿ ನೆಂದು ನಡುಗುತ್ತಿರುವಾಗ ಕುಡಿದರೆ ಬೆಚ್ಚಗಾದ ಹಾಗೆ ಅನಿಸುತ್ತದೆ ಅಷ್ಟೆ, ಚರ್ಮದ ರಕ್ತನಾಳ ಹಿಗ್ಗಿ ಮೈ ಶಾಖ ಹೊರಗೆ ಹೋಗುತ್ತದೆ. ಒಣ ಬಟ್ಟೆ, ಎರಡು ಲೋಟ ನೀರು, ಏನಾದರೂ ಉಪ್ಪಿನದು ಮೊದಲು. ಬಿಯರ್ ಆಮೇಲೆ.

ದುಡ್ಡಿನ ಲೆಕ್ಕಕ್ಕೆ ಬಂದರೆ ಆಮದು ಬಾಟಲ್ ದಿನನಿತ್ಯದ್ದಲ್ಲ. ನನಗೆ ಊಟದ ಮುಂಚೆ ಒಂದು, ಊಟದ ಜೊತೆ ಒಂದು ಸಾಕು. ಆ ಲೆಕ್ಕಕ್ಕೆ ದೇಶಿ ವಿಟ್ ಟಿನ್ನು ಜೇಬಿಗೂ ಹಿತ. ಗೋಣಿಕೊಪ್ಪ, ವಿರಾಜಪೇಟೆಯ ಅಂಗಡಿಗಳಲ್ಲಿ ಲಾಗರ್ ಸಿಕ್ಕಷ್ಟು ಸುಲಭಕ್ಕೆ ವಿಟ್, ಸ್ಟೌಟ್ ಸಿಗುವುದಿಲ್ಲ. ಬೆಂಗಳೂರಿನಿಂದ ಬರುವವರು ಮೈಸೂರು ದಾಟುವ ಮೊದಲೇ ಕೊಂಡು, ಟಿನ್ನಿನ ತಳದ ತಯಾರಿ ತಿಂಗಳು ನೋಡಿ, ಡಿಕ್ಕಿಯಲ್ಲಿ ಬಿಸಿಲು ತಾಗದ ಕಡೆ ಇಡಿ. ಗೋಧಿ ಬಿಯರ್ ಹಳತಾದರೆ ಕಿತ್ತಳೆ ಘಮ ಮೊದಲು ಹೋಗುತ್ತದೆ, ಒದ್ದೆ ರಟ್ಟಿನ ರುಚಿ ಉಳಿಯುತ್ತದೆ. ಸಂಜೆ ಗಾಡಿ ಓಡಿಸುವವರಿಗೆ ಇದ್ಯಾವುದೂ ಇಲ್ಲ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಅರ್ಧ ಲೀಟರಿನ ಒಂದು ಟಿನ್ನಿಗೇ ಅದನ್ನು ದಾಟಬಹುದು. ಅವರಿಗೆ ಆ ಐಸ್ ಡಬ್ಬಿಯಲ್ಲೇ ಎರಡು ಮಜ್ಜಿಗೆ ಪ್ಯಾಕೆಟ್ ಸೇರಿಸಿಡಿ.