ಆ್ಯಪ್, ಕಬ್ಬನ್ ಪಾರ್ಕ್ ಕೋಚಿಂಗ್, ಏರಿಯಾ ಗುಂಪು: 21 ಕಿಲೋಮೀಟರ್‌ಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, 21 ಕಿಲೋಮೀಟರ್ ಓಟಕ್ಕೆ ತಯಾರಾಗಲು ನನ್ನ ವೋಟು ನಮ್ಮ ಜೆ.ಪಿ. ನಗರದ ಏರಿಯಾ ಗುಂಪಿಗೆ. ಫೀಸಿಲ್ಲ, ಟೀ-ಶರ್ಟಿಲ್ಲ, ನೆಟ್ಟಗೆ ಒಂದು ಹೆಸರೂ ಇಲ್ಲ. ಒಂದು ವಾಟ್ಸಾಪ್ ಗ್ರೂಪ್, ಅಷ್ಟೆ. ಆದರೂ ಶ್ರೀರಂಗಪಟ್ಟಣದ ಹತ್ತಿರ ನಾಲೆ ದಂಡೆಯಲ್ಲಿ ನಡೆಯುವ ಕಾವೇರಿ ಟ್ರಯಲ್ ಮ್ಯಾರಥಾನ್‌ನಲ್ಲಿ ನಾನು ಹಾಫ್, ಅಂದರೆ ಆ 21 ಕಿ.ಮೀ., ಮುಗಿಸಿದ್ದು ಇವರ ಜೊತೆ ಓಡಿ ಪಳಗಿದ್ದರಿಂದ. ಅದಕ್ಕೂ ಮುಂಚೆ ಮೊಬೈಲ್ ಆ್ಯಪ್ ನೋಡಿದ್ದಾಗಿತ್ತು, ತಿಂಗಳಿಗೆ 2,500 ರೂಪಾಯಿಯ ಕೋಚಿಂಗ್ ಕ್ಲಬ್ಬೂ ನೋಡಿದ್ದಾಗಿತ್ತು.

ಆ್ಯಪ್ ಕತೆ ಬೇಗ ಮುಗಿಯುತ್ತದೆ. ಅದರ ಪ್ಲಾನ್ ಚೆನ್ನಾಗಿಯೇ ಇತ್ತು. ವಾರದಲ್ಲಿ ಮೂರು ಸಣ್ಣ ಓಟ, ಭಾನುವಾರ ಒಂದು ಉದ್ದದ ಓಟ. ಆ ಉದ್ದದ್ದನ್ನು ವಾರವಾರ ಸ್ವಲ್ಪ ಸ್ವಲ್ಪ ಏರಿಸಿಕೊಂಡು 18 ಕಿ.ಮೀ. ತನಕ ಹೋಗುವುದು, ರೇಸಿಗೆ ಎರಡು ವಾರ ಇರುವಾಗ ಇಳಿಸುವುದು. ಕಾಸು ತೆಗೆದುಕೊಳ್ಳುವ ಕೋಚ್‌ಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ. ಆದರೆ ಆ್ಯಪ್ ಬೆಳಗಿನ ಜಾವ ಐದಕ್ಕೆ ನನ್ನ ಜೊತೆ ಬೀದಿಗೆ ಬರುವುದಿಲ್ಲವಲ್ಲ. ಕತ್ತಲು, ಖಾಲಿ ರಸ್ತೆ, ತಿರುವಿನಲ್ಲಿ ನಾಲ್ಕೈದು ನಾಯಿ. ನಾಯಿ ಬೊಗಳಿಕೊಂಡು ಬಂದರೆ ಓಡಬಾರದು, ನಿಂತು ನಿಧಾನಕ್ಕೆ ನಡೆದು ದಾಟಬೇಕು. ಹಾಗೆ ಉಸಿರು ಬಿಗಿಹಿಡಿದು ನಡೆಯುತ್ತಿದ್ದರೆ ಕಿವಿಯಲ್ಲಿ ಆ್ಯಪ್ ನಿಮ್ಮ ವೇಗ ಕಡಿಮೆಯಾಗಿದೆ ಅನ್ನುತ್ತದೆ! ಹಗಲಾದ ಮೇಲೆ ಓಡೋಣವೆಂದರೆ ಏಳೂವರೆಗೆ ಮಕ್ಕಳ ಸ್ಕೂಲ್ ವ್ಯಾನ್. ದೊಡ್ಡ ಮರಗಳ ಕೆಳಗೆ ಜಿಪಿಎಸ್ ಗೆರೆ ಅಂಕುಡೊಂಕಾಗಿ, ಓಡದ ದೂರವನ್ನೂ ಸೇರಿಸಿ ತೋರಿಸುವುದು ಬೇರೆ. ಅದನ್ನು ನೋಡಿ ಖುಷಿಪಡುವವರಿಗೆ ನನ್ನ ಅಡ್ಡಿಯಿಲ್ಲ.

ಕೋಚಿಂಗ್ ಕ್ಲಬ್ಬಿನ ಬಗ್ಗೆ ಒಳ್ಳೆಯದನ್ನೇ ಮೊದಲು ಹೇಳಬೇಕು, ಯಾಕೆಂದರೆ ಒಳ್ಳೆಯದು ಇತ್ತು. ನಾನು ಕಾಲನ್ನು ತೀರಾ ಮುಂದೆ ಚಾಚಿ, ಹಿಮ್ಮಡಿ ಮೇಲೆ ದಬದಬ ಬೀಳುತ್ತಿದ್ದೆ. ಕೋಚ್ ಪಕ್ಕದಲ್ಲಿ ಸ್ವಲ್ಪ ದೂರ ಓಡಿ, "ಹೆಜ್ಜೆ ಚಿಕ್ಕದು ಮಾಡಿ ಮೇಡಂ, ಬೇಗ ಬೇಗ ಇಡಿ" ಅಂದರು. ಜೊತೆಗೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಒಂಟಿ ಕಾಲಲ್ಲಿ ಅರ್ಧ ಕೂತು ಏಳುವುದು. ಮಂಡಿಯ ಹೊರಪಕ್ಕದ ನೋವು ನಿಧಾನಕ್ಕೆ ಹೋಯಿತು. ಇದು ಆ್ಯಪ್‌ಗೆ ಕಾಣುವ ವಿಷಯವಲ್ಲ. ನಮ್ಮ ಏರಿಯಾ ಗುಂಪಿನವರಿಗೂ ಕಾಣುತ್ತಿರಲಿಲ್ಲ ಅನ್ನಿ.

ತೊಂದರೆ ಇದ್ದದ್ದು ಭಾನುವಾರ.

ಕ್ಲಬ್ ಸೇರುವುದು ಕಬ್ಬನ್ ಪಾರ್ಕ್‌ನಲ್ಲಿ, ಬೆಳಗ್ಗೆ 5.15ಕ್ಕೆ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಉದ್ದದ ಓಟಕ್ಕೆ ಅದಕ್ಕಿಂತ ಒಳ್ಳೆ ಜಾಗ ಬೆಂಗಳೂರಿನ ನಡುವೆ ಸಿಗುವುದು ಕಷ್ಟ. ನಮ್ಮ ಮನೆ ಹತ್ತಿರ ಮೆಟ್ರೊ ಸ್ಟೇಷನ್ ಇದೆ. ಗ್ರೀನ್ ಲೈನ್ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ಪಾರ್ಕಿನ ಪಕ್ಕದಲ್ಲೇ ಇಳಿಯಬಹುದು. ಸೇರುವಾಗ ಇದನ್ನೇ ಲೆಕ್ಕ ಹಾಕಿದ್ದೆ. ಆದರೆ ಭಾನುವಾರ ಮೆಟ್ರೊ ಶುರುವಾಗುವುದೇ ಏಳಕ್ಕೆ! ಬೇರೆ ದಿನ ಐದಕ್ಕೆ ಇದೆ. ಸೋಮವಾರವಂತೂ ಊರಿಂದ ಬರುವವರಿಗೆ ಅಂತ 4.15ಕ್ಕೇ ಬಿಡುತ್ತಾರೆ. ಓಡುವವರಿಗೆ ಬೇಕಾದ ಒಂದೇ ಒಂದು ದಿನ, ನಾವು 10 ಕಿಲೋಮೀಟರ್ ಓಡಿ ಮುಗಿಸಿದ ಮೇಲೆ ಮೊದಲ ರೈಲು ಬರುತ್ತದೆ.

ಸರಿ, ಆಟೊ. ಮನೆಯಿಂದ ಸುಮಾರು 10 ಕಿ.ಮೀ. ಈಗಿನ ಮೀಟರ್ ದರ ಮೊದಲ 2 ಕಿ.ಮೀ.ಗೆ 36, ಆಮೇಲೆ ಕಿಲೋಮೀಟರಿಗೆ 18. ಅಂದರೆ 180. ಆದರೆ ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಒಂದೂವರೆ ಪಟ್ಟು. ನಾನು ಮನೆ ಬಿಡುವುದು 4.40ಕ್ಕೆ, ಅಲ್ಲಿಗೆ 270. ಅದೂ ಮೀಟರ್ ಹಾಕಿದರೆ! ಆ ಹೊತ್ತಿನಲ್ಲಿ ಮೀಟರ್ ಹಾಕುವ ಪುಣ್ಯಾತ್ಮ ಸಿಕ್ಕರೆ ಅವತ್ತು ಓಟವೂ ಚೆನ್ನಾಗಿ ಆಗುತ್ತಿತ್ತು. ಬುಕ್ ಮಾಡಿದರೆ ಒಪ್ಪಿಕೊಂಡು, ಐದು ನಿಮಿಷ ಕಾಯಿಸಿ, ಕ್ಯಾನ್ಸಲ್ ಮಾಡುತ್ತಾರೆ. ಲೇಟಾಗಿ ಹೋದರೆ ನನ್ನ ವೇಗದ ಗುಂಪು ಹೊರಟುಹೋಗಿರುತ್ತದೆ. ದುಡ್ಡು ಕೊಟ್ಟು ಕ್ಲಬ್ ಸೇರಿ, ಪಾರ್ಕಿನಲ್ಲಿ ಮತ್ತೆ ಒಬ್ಬಳೇ ಓಡಿದ್ದೂ ಇದೆ.

ಸ್ಕೂಟರ್ ತಗೊಂಡು ಹೋಗಬಹುದಲ್ಲ ಅಂತ ಕೇಳಬೇಡಿ, ಅದನ್ನೂ ಮಾಡಿದೆ. ಹೋಗುವುದು ಸುಲಭ. 16 ಕಿ.ಮೀ. ಓಡಿದ ಮೇಲೆ, ಒದ್ದೆ ಬಟ್ಟೆಯಲ್ಲಿ, ಮೀನಖಂಡ ಹಿಡಿದುಕೊಂಡಿರುವಾಗ ಪ್ರತಿ ಸಿಗ್ನಲ್‌ನಲ್ಲೂ ಕಾಲೂರಿ ವಾಪಸ್ ಬರುವುದಿದೆ ನೋಡಿ, ಅದು ಬೇರೆಯದೇ ರೇಸು. ಗಂಡನನ್ನು ಎಬ್ಬಿಸಿ ಬಿಡಿಸಿಕೊಂಡರೆ ಭಾನುವಾರ ಇಡೀ ಮನೆಯ ಮೂಡು ಕೆಡುತ್ತದೆ. ಕೋಚ್‌ಗೆ ಹೇಳಿದೆ. ಸುಮಾರು ಜನ ಹತ್ತಿರದವರೇ, ಅವರಿಗೆ ಇದು ತೊಂದರೆಯೇ ಅಲ್ಲ. ಶನಿವಾರಕ್ಕೆ ಬದಲಿಸಿದರೆ ಆಫೀಸಿನವರು ಬರುವುದಿಲ್ಲ. ಅವರದೂ ಸರಿಯೇ.

ಏರಿಯಾ ಗುಂಪಿಗೆ ಮನೆಯಿಂದ ಬೀದಿಗಿಳಿದು ನಡೆದುಕೊಂಡು ಹೋದರಾಯಿತು. ಅರ್ಧ ಗಂಟೆ ಜಾಸ್ತಿ ನಿದ್ದೆ. ಹಿರಿಯರೊಬ್ಬರಿದ್ದಾರೆ, ಬ್ಯಾಂಕಿನಿಂದ ನಿವೃತ್ತರು, ನಾವೆಲ್ಲ ಅಂಕಲ್ ಅನ್ನುತ್ತೇವೆ. ಅವರದು ಒಂದೇ ನಿಯಮ: "ಮಾತಾಡ್ಕೊಂಡು ಓಡೋಕೆ ಆಗ್ಬೇಕು, ಆಗ್ಲಿಲ್ಲ ಅಂದ್ರೆ ಜೋರಾಯ್ತು ಅಂತ." ಕೋಚಿಂಗ್ ಕ್ಲಬ್ಬಿನ ಅತಿ ನಿಧಾನದ ಗುಂಪೂ ನನಗೆ ಏದುಸಿರು ತರಿಸುತ್ತಿತ್ತು. ಇಲ್ಲಿ ಸೊಸೆ, ಮೇಸ್ತ್ರಿ, ನೀರಿನ ಟ್ಯಾಂಕರ್ ಎಲ್ಲ ಮಾತಾಡಿ ಮುಗಿಯುವಷ್ಟರಲ್ಲಿ 12 ಕಿ.ಮೀ. ಆಗಿರುತ್ತದೆ.

ಆಗಾಗ ತುರಹಳ್ಳಿ ಕಾಡಿನ ಕಡೆಗೆ ಹೋಗುತ್ತೇವೆ, ಒಂದೇ ಕಾರಲ್ಲಿ ಐದು ಜನ. ಅಲ್ಲಿ ಮಣ್ಣಿನ ದಾರಿ, ಕಲ್ಲು, ಏರು ಇಳಿತ. ನಾಲೆ ದಂಡೆಯಲ್ಲಿ ನನಗೆ ಕೆಲಸಕ್ಕೆ ಬಂದದ್ದು ಇದೇ. ಟಾರು ರಸ್ತೆಯಲ್ಲಷ್ಟೇ ಓಡಿ ಬಂದವರು ಅಲ್ಲಿ ಪ್ರತಿ ಹೆಜ್ಜೆಗೂ ನೆಲ ನೋಡುತ್ತಿದ್ದರು. ಬಿಸಿಲು ಏರಿದ ಮೇಲೆ ನನಗೂ ನಡೆಯುವುದು ಬಂತು. ಗುಂಪಿನ ಇಬ್ಬರು ಜೊತೆಗೆ ನಡೆದು, ನೀರು ಕೊಡುವ ಜಾಗ ಬಂದ ಮೇಲೆ ಮತ್ತೆ ಎಳೆದುಕೊಂಡು ಓಡಿಸಿದರು.

ತಿನ್ನುವುದರಲ್ಲೂ ಇವರದೇ ಮೇಲು. ಕ್ಲಬ್ಬಿನಲ್ಲಿ ಓಡುವಾಗ ಶಕ್ತಿಗೆ ಅಂತ ನುಂಗುವ, ನೂರು ರೂಪಾಯಿ ಮೇಲಿನ ಸಿಹಿ ಜೆಲ್ ಪ್ಯಾಕೆಟ್, ನನಗೆ ಹೊಟ್ಟೆ ತೊಳೆಸುತ್ತಿತ್ತು. ಇಲ್ಲಿ ಖರ್ಜೂರ, ಕಡ್ಲೆಮಿಠಾಯಿ, ಓಆರ್‌ಎಸ್ ನೀರು.

ಕೊರತೆ ಇಲ್ಲವೇ? ಬೇಕಾದಷ್ಟಿದೆ. ಕಾಲು ನೋವು ಅಂದರೆ ಹತ್ತು ಜನ ಹತ್ತು ಎಣ್ಣೆ ಹೇಳುತ್ತಾರೆ. ಮದುವೆ ಸೀಸನ್ ಬಂದರೆ ಗುಂಪು ಅರ್ಧ ಖಾಲಿ. ವೇಗ ಹೆಚ್ಚಿಸುವ ತಾಲೀಮು ಸೊನ್ನೆ. ಎರಡು ಗಂಟೆಯೊಳಗೆ ಮುಗಿಸಬೇಕು ಅನ್ನುವವರು ಇಲ್ಲಿ ಬಂದರೆ ಬೇಜಾರಾಗುತ್ತಾರೆ. ನನಗೆ ಆ ಆಸೆಯಿಲ್ಲ. ಫೀಸು, ಆಟೊ ಎರಡೂ ಸೇರಿ ತಿಂಗಳಿಗೆ ಮೂರೂವರೆ ಸಾವಿರ ದಾಟುತ್ತಿತ್ತು. ಆ ದುಡ್ಡಿಗೆ ಎರಡೇ ತಿಂಗಳಲ್ಲಿ ಒಂದು ಒಳ್ಳೆ ಜೊತೆ ಶೂ ಬರುತ್ತದೆ.

ಶಿವಾಜಿನಗರ, ವಸಂತನಗರ ಕಡೆ ಮನೆ ಇದ್ದರೆ, ಅಥವಾ ಈಗಾಗಲೇ ಮಂಡಿ ನೋವಿದ್ದರೆ, ಕಣ್ಣು ಮುಚ್ಚಿಕೊಂಡು ಕೋಚಿಂಗ್ ಸೇರಿ. ಅವರು ಕಲಿಸುವುದು ಮೂರೇ ತಿಂಗಳಲ್ಲಿ ಕೈಗೆ ಬರುತ್ತದೆ. ನಾನೂ ಮುಂದಿನ ರೇಸಿಗೆ ಮುಂಚೆ ಒಂದು ತಿಂಗಳು ಆ ಕೋಚ್ ಹತ್ತಿರ ಹೋಗುವವಳಿದ್ದೇನೆ. ಬುಧವಾರದ ಕ್ಲಾಸಿಗೆ ಮಾತ್ರ, ಅವತ್ತು ಮೆಟ್ರೊ ಐದಕ್ಕೇ ಇದೆ.