ಟೆಲಿ-ಮನಸ್ 14416: ಮೇಷ್ಟ್ರ ಕೆಲಸ ಬಿಟ್ಟು ಬಂದವರಿಗೆ ಎಷ್ಟು ಉಪಯೋಗ?

ರಾಜೀನಾಮೆ ಕೊಟ್ಟಾಗಿದೆ, ರಿಲೀವಿಂಗ್ ಲೆಟರ್ ಕೈಗೆ ಬಂದಿದೆ. ಆದರೂ ಭಾನುವಾರ ಸಂಜೆಯಾದರೆ ಎದೆ ಭಾರ, ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ, ಪೋಷಕರ ವಾಟ್ಸಾಪ್ ಗುಂಪಿನಿಂದ ಹೊರಬಂದಿದ್ದರೂ ಫೋನ್ ಸದ್ದಾದರೆ ಬೆಚ್ಚಿಬೀಳುವುದು. ಇಂಥವರು ಮೊದಲು ಎಲ್ಲಿಗೆ ಹೋಗಬೇಕು ಅಂದರೆ, ದುಡ್ಡು ಖರ್ಚಿಲ್ಲದ, ಮನೆಯಿಂದಲೇ ಆಗುವ ದಾರಿ ಟೆಲಿ-ಮನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ ಇದು. ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್, ತಂತ್ರಜ್ಞಾನದ ಬೆಂಬಲ ಐಐಐಟಿ ಬೆಂಗಳೂರಿನದು. ನಂಬರ್ 14416, ಅದು ತಾಗದಿದ್ದರೆ 1800 891 4416. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ನಿಮಗೆ ಆಗಿರುವುದು ಏನು ಅಂತ ವಿಂಗಡಿಸಿಕೊಳ್ಳಲು ಇದು ತುಂಬಾ ಒಳ್ಳೆಯದು. ತಿಂಗಳುಗಟ್ಟಲೆ ನಡೆಯಬೇಕಾದ ಚೇತರಿಕೆಗೆ ಇದೊಂದೇ ಸಾಲದು.

ವಿಂಗಡಣೆ ಯಾಕೆ ಬೇಕೆಂದರೆ, ಕೆಲಸ ಬಿಟ್ಟ ಶಿಕ್ಷಕರಲ್ಲಿ ಮೂರು ಬೇರೆ ಬೇರೆ ಸಂಕಟಗಳು ಒಂದೇ ಥರ ಕಾಣುತ್ತವೆ. ಒಂದು, ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11 ಇದನ್ನು ಕಾಯಿಲೆ ಅನ್ನುವುದಿಲ್ಲ, ಕೆಲಸಕ್ಕೆ ಅಂಟಿದ ಸ್ಥಿತಿ ಅನ್ನುತ್ತದೆ: ಪೂರ್ತಿ ಬಸವಳಿಯುವುದು, ಕೆಲಸದ ಮೇಲೆ ತಾತ್ಸಾರ ಹುಟ್ಟುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಕೆಲಸ ಬಿಟ್ಟು ನಿದ್ದೆ ಸರಿಹೋದರೆ ಇದು ನಿಧಾನಕ್ಕೆ ಇಳಿಯುತ್ತದೆ. ಎರಡು, ಖಿನ್ನತೆ. ಎರಡು ವಾರಕ್ಕೂ ಹೆಚ್ಚು ದಿನದ ಬಹುಪಾಲು ಮನಸ್ಸು ಕುಗ್ಗಿದ್ದು, ಯಾವುದರಲ್ಲೂ ಆಸಕ್ತಿ ಇಲ್ಲದೆ, ಊಟ ನಿದ್ದೆ ಏರುಪೇರಾಗಿದ್ದರೆ ರಾಜೀನಾಮೆಯಿಂದ ಅದು ವಾಸಿಯಾಗುವುದಿಲ್ಲ, ಚಿಕಿತ್ಸೆ ಬೇಕು. ಮೂರನೆಯದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: 'ಟೀಚರ್' ಅನ್ನಿಸಿಕೊಳ್ಳುವುದು ನಿಂತುಹೋದ ದುಃಖ. ಜೂನ್‌ನಲ್ಲಿ ಶಾಲೆ ಶುರುವಾದಾಗ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಇದು ಮತ್ತೆ ಕೆದರಿಕೊಳ್ಳುತ್ತದೆ. ಇವುಗಳ ಜೊತೆಗೆ ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆ ಕೂಡ ಇದೇ ಸುಸ್ತನ್ನು ತರುತ್ತವೆ. ಒಂದು ರಕ್ತಪರೀಕ್ಷೆ ಮಾಡಿಸಿಕೊಂಡೇ ಮುಂದಿನದನ್ನು ಯೋಚಿಸುವುದು ವಾಸಿ.

ಕರೆ ಮಾಡಿ ಭಾಷೆ ಆರಿಸಿಕೊಂಡ ಮೇಲೆ ತರಬೇತಿ ಪಡೆದ ಆಪ್ತಸಮಾಲೋಚಕರು ಸಿಗುತ್ತಾರೆ. ಅಗತ್ಯ ಕಂಡರೆ ಅವರು ಮನೋವೈದ್ಯರಿಗೆ ದಾಟಿಸುತ್ತಾರೆ, ಅಥವಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ಹತ್ತಿರ ಕಳಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಮೊಬೈಲ್ ಆ್ಯಪ್ ಬಂತು. ವಿಡಿಯೊ ಸಮಾಲೋಚನೆಯನ್ನು ಮೊದಲು ಶುರು ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಆ್ಯಪ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ, ಮಾತಾಡುವುದೇ ಇಲ್ಲಿ ಮುಖ್ಯ.

ಕರೆ ದಾರಿ ತಪ್ಪುವುದು ಬಹುತೇಕ ಮೇಷ್ಟ್ರುಗಳ ಕಡೆಯಿಂದಲೇ. ಪಾಠ ಹೇಳಿ ರೂಢಿಯಾದವರು ವಿಷಯ ವಿವರಿಸಲು ಕೂತುಬಿಡುತ್ತಾರೆ. ಹೆಡ್‌ಮಾಸ್ಟರ್ ಏನಂದರು, ಮ್ಯಾನೇಜ್‌ಮೆಂಟ್ ರಿಸಲ್ಟ್‌ಗಾಗಿ ಹೇಗೆ ಒತ್ತಡ ಹಾಕಿತು, ಗಣತಿಗೂ ಚುನಾವಣೆಗೂ ಹೇಗೆ ಓಡಾಡಿಸಿದರು... ಶಾಲೆಯ ಕಥೆ ಪೂರ್ತಿ ಬರುತ್ತದೆ, ತಮ್ಮ ಸ್ಥಿತಿ ಮಾತ್ರ ಬರುವುದಿಲ್ಲ. ಆಚೆ ಕೂತವರಿಗೆ ಬೇಕಿರುವುದು ಅದೇ. ಆದ್ದರಿಂದ ಫೋನ್ ಹಚ್ಚುವ ಮೊದಲು ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ಕೆಲಸ ಬಿಟ್ಟು ಎಷ್ಟು ತಿಂಗಳಾಯಿತು; ಈ ತೊಂದರೆ ಅದಕ್ಕೆ ಮುಂಚೆ ಶುರುವಾಯಿತೋ ಆಮೇಲೋ; ಎಷ್ಟು ಗಂಟೆಗೆ ಮಲಗಿ ಎಷ್ಟಕ್ಕೆ ಏಳುತ್ತೀರಿ; ಊಟ, ತೂಕ; ತೆಗೆದುಕೊಳ್ಳುತ್ತಿರುವ ಮಾತ್ರೆ, ಕುಡಿತವಿದ್ದರೆ ಅದೂ. ಸಾಯಬೇಕು ಅನ್ನುವ ಯೋಚನೆ ಬಂದಿದ್ದರೆ ಅದನ್ನು ಕೊನೆಗೆ ಉಳಿಸಬೇಡಿ, ಮೊದಲ ಮಾತಾಗಿ ಹೇಳಿ. ತುರ್ತು ಅನ್ನಿಸಿದರೆ ಕರೆಗಾಗಿಯೂ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ, ಇಲ್ಲವೇ 112ಕ್ಕೆ ಫೋನ್ ಮಾಡಿ.

ಫೋನ್ ಇಡುವ ಮುಂಚೆ ಕೇಳಲೇಬೇಕಾದ್ದು ಮೂರು. ನನಗೆ ವೈದ್ಯರು ಬೇಕೋ, ಮಾತುಕತೆ ಸಾಕೋ? ನನ್ನ ತಾಲ್ಲೂಕಿನಲ್ಲಿ ಯಾರು, ಯಾವ ದಿನ ಸಿಗುತ್ತಾರೆ? ಮತ್ತೆ ಯಾವಾಗ ಮಾತಾಡೋಣ? 'ಧೈರ್ಯವಾಗಿರಿ, ಪ್ರಾಣಾಯಾಮ ಮಾಡಿ' ಎಂಬಲ್ಲಿಗೇ ಮಾತು ಮುಗಿಯುವಂತಿದ್ದರೆ ಸಂಕೋಚ ಬಿಟ್ಟು ಮನೋವೈದ್ಯರಿಗೆ ಕೊಡಿ ಅನ್ನಿ.

ಚಿಕ್ಕ ಊರಿನ ಶಿಕ್ಷಕರಿಗೆ ಇದರ ದೊಡ್ಡ ಅನುಕೂಲ ಗುಟ್ಟು ಉಳಿಯುವುದು. ತಾಲ್ಲೂಕು ಆಸ್ಪತ್ರೆಗೆ ಹೋದರೆ ಚೀಟಿ ಬರೆಯುವವನೂ ಹಳೇ ಶಿಷ್ಯ, ಮಾತ್ರೆ ಕೊಡುವವಳೂ ಹಳೇ ಶಿಷ್ಯೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಮಾಹಿತಿ ಗೋಪ್ಯವಾಗಿರಬೇಕು ಎನ್ನುತ್ತದೆ ನಿಜ, ಆದರೆ ಕ್ಯೂನಲ್ಲಿ ನಿಂತವರ ಕಣ್ಣಿಗೆ ಯಾವ ಕಾಯ್ದೆ!

ಇನ್ನು ಕೊರತೆ. ಸಹಾಯವಾಣಿಯಲ್ಲಿ ಪ್ರತಿ ಸಲ ಅದೇ ವ್ಯಕ್ತಿ ಸಿಗುವ ಖಾತ್ರಿ ಇಲ್ಲ. ಹಿಂದಿನದನ್ನೆಲ್ಲ ಮತ್ತೆ ಹೇಳುವ ಹೊತ್ತಿಗೆ ಉತ್ಸಾಹ ಇಳಿದಿರುತ್ತದೆ. ಮೂರನೆಯ ಬಗೆಯ ದುಃಖಕ್ಕಂತೂ ಒಬ್ಬರೇ ಸಮಾಲೋಚಕರ ಜೊತೆ ವಾರ ವಾರ ಕೂರಬೇಕಾಗುತ್ತದೆ. ಬೆಂಗಳೂರಿನವರಿಗೆ ಬಿಟಿಎಂ ಲೇಔಟ್‌ನ ನಿಮ್ಹಾನ್ಸ್ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದಕ್ಕೆ ಹೇಳಿಮಾಡಿಸಿದಂತಿದೆ, ಆಸ್ಪತ್ರೆಯ ವಾತಾವರಣ ಅಲ್ಲಿಲ್ಲ. ಜಿಲ್ಲೆಗಳಲ್ಲಿರುವವರು ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋವೈದ್ಯರ ಕ್ಲಿನಿಕ್ ವಿಚಾರಿಸಿ. ಯಾವ ಮಂಗಳವಾರ ಅಂತ ಫೋನ್‌ನಲ್ಲೇ ಕೇಳಿಕೊಂಡರೆ ಸುಮ್ಮನೆ ಬಸ್ಸಿನ ದುಡ್ಡು ದಂಡವಾಗುವುದಿಲ್ಲ. ಅಲ್ಲಿ ಖಿನ್ನತೆಯ ಮಾತ್ರೆ ಬರೆದುಕೊಟ್ಟರೆ ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಮೊದಲ ವಾರವೇ 'ಏನೂ ಆಗಲಿಲ್ಲ' ಅಂತಲೋ, ಸ್ವಲ್ಪ ಹಗುರಾದ ಕೂಡಲೇ 'ವಾಸಿಯಾಯ್ತು' ಅಂತಲೋ ನಿಲ್ಲಿಸುವುದೇ ಜನ ಮಾಡುವ ದೊಡ್ಡ ತಪ್ಪು.

ಟೆಲಿ-ಮನಸ್‌ಗೆ ಸಂಬಂಧವೇ ಇಲ್ಲದ ಒಂದು ತೊಡಕೂ ಇದೆ: ದುಡ್ಡು. ಬಾಕಿ ಸಂಬಳ, ಶಾಲೆಯವರು ಹಿಡಿದಿಟ್ಟ ಮೂಲ ಅಂಕಪಟ್ಟಿ, ಗ್ರಾಚ್ಯುಟಿ (ಕೆಲಸ ಬಿಟ್ಟಾಗ ಸೇವೆಯ ಲೆಕ್ಕದಲ್ಲಿ ಸಿಗಬೇಕಾದ ಹಣ). ನಿದ್ದೆ ಕೆಡಿಸುವುದು ಎಷ್ಟೋ ಸಲ ಇವೇ. ಇಂಥದ್ದನ್ನು ಸಮಾಲೋಚಕರ ಮುಂದಿಟ್ಟರೆ ಸಾಂತ್ವನ ಸಿಕ್ಕೀತು, ಹಣ ಸಿಗುವುದಿಲ್ಲ. ಐದು ವರ್ಷ ಸತತ ಸೇವೆ ಮುಗಿಸಿದ ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚ್ಯುಟಿ ಹಕ್ಕಿದೆ. ಶಿಕ್ಷಕರನ್ನೂ ಗ್ರಾಚ್ಯುಟಿ ಕಾಯ್ದೆಯೊಳಗೆ ತಂದ 2009ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿಯಿತು. ಶಾಲೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ಈ ಓಡಾಟವನ್ನು ವಾರದಲ್ಲಿ ಒಂದು ದಿನಕ್ಕೆ ಮೀಸಲಿಟ್ಟು, ಉಳಿದ ದಿನ ಆ ಫೈಲು ಮುಟ್ಟದಿರುವುದು ಒಳ್ಳೆಯದು.