ಸೆಲರಿಯ ನಾಲ್ಕು ಮಡಿ, ನಾಲ್ಕು ಗೊಬ್ಬರ

ಸೆಲರಿ ಕೊತ್ತಂಬರಿಯ ಕುಟುಂಬದ್ದೇ. ಆದರೆ ನಲವತ್ತು ದಿನಕ್ಕೆ ಕೈಗೆ ಬರುವ ಸೊಪ್ಪಲ್ಲ. ಬೀಜ ಮೊಳೆಯಲು ಎರಡು ಮೂರು ವಾರ, ನಾಟಿ ಮಾಡಿದ ಮೇಲೆ ಮತ್ತೆ ಮೂರು ತಿಂಗಳು ಬೇಕು. ಬೇರು ಮೇಲ್ಮಣ್ಣು ಬಿಟ್ಟು ಇಳಿಯುವುದಿಲ್ಲ, ಹಸಿವು ಮಾತ್ರ ಬಹಳ.

ದೊಡ್ಡಬಳ್ಳಾಪುರದ ಹತ್ತಿರದ ನಮ್ಮ ಕೆಂಪು ಮಣ್ಣಿನಲ್ಲಿ ಕಳೆದ ಚಳಿಗಾಲ ತಲಾ 4 ಚದರ ಮೀಟರಿನ ನಾಲ್ಕು ಮಡಿ ಮಾಡಿದೆ. ಎಲ್ಲಕ್ಕೂ 60 ಗ್ರಾಂ ಸಾರಜನಕ ಸಿಗುವಂತೆ ಲೆಕ್ಕ ಹಾಕಿ ಯೂರಿಯಾ 130 ಗ್ರಾಂ, ಅಮೋನಿಯಂ ಸಲ್ಫೇಟ್ 290 ಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ 390 ಗ್ರಾಂ, ಎರೆಗೊಬ್ಬರ 4 ಕಿಲೋ ತೂಗಿಕೊಂಡೆ. ರಾಸಾಯನಿಕಗಳನ್ನು ಮೂರು ಕಂತಿನಲ್ಲಿ ಕೊಟ್ಟೆ. ರಂಜಕ, ಪೊಟ್ಯಾಷ್, ನೀರು ಎಲ್ಲಕ್ಕೂ ಸಮ.

ಮೊದಲು ಎದ್ದು ನಿಂತದ್ದು ಯೂರಿಯಾ ಮಡಿ. ಐವತ್ತನೇ ದಿನ ನೋಡಿದವರೆಲ್ಲ ಅದನ್ನೇ ಮೆಚ್ಚಿದರು. ಹತ್ತು ದಿನದ ನಂತರ ಒಂದು ಗಿಡದ ಹೊರದಂಟುಗಳನ್ನು ಬಿಡಿಸಿ ಒಳಗೆ ನೋಡಿದೆ: ಸುಳಿಯ ಎಳೆ ಎಲೆಗಳ ಅಂಚು ಸುಟ್ಟಂತೆ ಕಪ್ಪಾಗಿತ್ತು, ಮುಟ್ಟಿದರೆ ಜಿಗುಟು. ಇದು ರೋಗವಲ್ಲ, ಸುಣ್ಣದ ಅಂದರೆ ಕ್ಯಾಲ್ಸಿಯಂ ಕೊರತೆ. ಕ್ಯಾಲ್ಸಿಯಂ ನೀರಿನ ಜೊತೆ ಏರುತ್ತದೆ. ನೀರನ್ನು ಹೆಚ್ಚು ಎಳೆಯುವುದು ಬಿಸಿಲಿಗೆ ಒಡ್ಡಿಕೊಂಡ ಹೊರಗಿನ ಎಲೆಗಳು. ಗಿಡ ಭರದಿಂದ ಬೆಳೆದಷ್ಟೂ ಮುಚ್ಚಿದ ಸುಳಿಗೆ ಅದು ಸಾಲದು. ಆ ಮಡಿಯಲ್ಲಿ ಆರಕ್ಕೊಂದು ಗಿಡ ಹೀಗೆ ಹಾಳಾಯಿತು.

ಅಮೋನಿಯಂ ಸಲ್ಫೇಟ್ ಎಲೆಗೆ ಕಡುಹಸಿರು ಕೊಟ್ಟಿತು, ಅಷ್ಟೇ. ಮಣ್ಣಿನ ಹುಳಿ ಹೆಚ್ಚಿಸುವ ಗೊಬ್ಬರ ಅದು. ಮೊದಲೇ ಹುಳಿಯಿರುವ ನಮ್ಮ ನೆಲಕ್ಕೆ ಮತ್ತೆ ಹಾಕುವುದಿಲ್ಲ.

ಕ್ಯಾಲ್ಸಿಯಂ ನೈಟ್ರೇಟ್ ಮಡಿಯ ದಂಟು ಮುರಿದರೆ ಸೌತೆಕಾಯಿಯಂತೆ ಚಟ್ಟನೆ ಸದ್ದು. ಸುಳಿ ಒಂದೂ ಕಪ್ಪಾಗಲಿಲ್ಲ. ದುಬಾರಿ, ನಿಜ; ಆದರೆ ನನ್ನ ನಿಜವಾದ ಚಿಂತೆ ಬೇರೆ: ದಂಟಿನಲ್ಲಿ ಉಳಿಯುವ ನೈಟ್ರೇಟ್, ಅತಿಯಾದರೆ ತಿನ್ನುವವರಿಗೆ ಒಳ್ಳೆಯದಲ್ಲ. ದಂಟಿನ ರಸ ಹಿಂಡಿ, ನೀರು ಬೆರೆಸಿ, ಮೀನುತೊಟ್ಟಿಯ ನೀರು ಪರೀಕ್ಷಿಸುವ ನೈಟ್ರೇಟ್ ಪಟ್ಟಿ ಅದ್ದಿದೆ. ಎರೆಗೊಬ್ಬರದ ಮಡಿಯ ದಂಟಿನ ರಸದಲ್ಲಿ ತಿಳಿ ಗುಲಾಬಿ, ಇದರಲ್ಲಿ ಬೀಟ್‌ರೂಟ್ ಬಣ್ಣ. ಬಳಸದೆ ಉಳಿದ ನೈಟ್ರೇಟನ್ನು ಸೆಲರಿ ದಂಟಿನಲ್ಲೇ ಕೂಡಿಡುತ್ತದೆ. ಮೇಲುಗೊಬ್ಬರ ನಿಲ್ಲಿಸಿ ಹದಿನೈದು ದಿನ ಬಿಟ್ಟು, ಬಿಸಿಲು ಕಂಡ ಸಂಜೆ ಕೊಯ್ದ ದಂಟಿನಲ್ಲಿ ಬಣ್ಣ ಸ್ಪಷ್ಟವಾಗಿ ಇಳಿದಿತ್ತು. ನೈಟ್ರೇಟನ್ನು ಗಿಡ ಅರಗಿಸಿಕೊಳ್ಳಲು ಬೆಳಕು ಬೇಕು, ಅದಕ್ಕೇ ಸಂಜೆಯ ಕೊಯ್ಲು.

ಎರೆಗೊಬ್ಬರದ ಗಿಡಗಳು ಒಂದು ಗೇಣು ಗಿಡ್ಡ, ದಂಟು ಸಣ್ಣ, ನಾರು ಹೆಚ್ಚು. ಅದರಲ್ಲಿನ ಸಾರಜನಕ ನಿಧಾನವಾಗಿ ಬಿಡುಗಡೆಯಾಗುತ್ತದೆ. ಮೂರು ತಿಂಗಳಲ್ಲಿ ಪೂರ್ತಿ ಸಿಗುವುದಿಲ್ಲ. ಆದರೆ ಸಾರಿಗೆ ಹಾಕಿದಾಗ ಮನೆಯವರೆಲ್ಲ ಪರಿಮಳದಿಂದಲೇ ಅದನ್ನು ಗುರುತಿಸಿದರು.

ಹೋಟೆಲಿಗೆ ಕೊಡುವುದಾದರೆ ಕ್ಯಾಲ್ಸಿಯಂ ನೈಟ್ರೇಟ್, ಮನೆಗಾದರೆ ಎರೆಗೊಬ್ಬರ ಎನ್ನುತ್ತೇನೆ. ಈ ಅಕ್ಟೋಬರ್‌ನಲ್ಲಿ ಎರೆಗೊಬ್ಬರವನ್ನು ಅಡಿಗೊಬ್ಬರವಾಗಿ ಹಾಕಿ, ಸುಳಿ ಕಟ್ಟುವ ಹೊತ್ತಿಗೆ ಅರ್ಧ ಪ್ರಮಾಣದ ಕ್ಯಾಲ್ಸಿಯಂ ನೈಟ್ರೇಟ್ ಕೊಡುತ್ತೇನೆ. ಸಸಿಗಳು ಈಗ ಎರಡೆಲೆ ಬಿಟ್ಟಿವೆ.